ಸ್ಕೌಟ್ ಮಕ್ಕಳು ಕೆಡವಿದ ಊರು

ಆ ಗುಡ್ಡದ ಮೇಲೆ ಯಾರ್ಯಾರಿದ್ದಿರಿ ಎಂದು ನನ್ನ ಹೆಂಡತಿ ಗಿರಿಜೆ ಕೇಳಿದಾಗಲೆಲ್ಲ ನಾನು ಒಂದೇ ಉತ್ತರ ಹೇಳುತ್ತೇನೆ. ನಾನಿದ್ದೆ. ನಮ್ಮ ಶಾಲೆಯ ಸ್ಕೌಟು, ಗೈಡು ಮಕ್ಕಳಿದ್ದರು. ಅವರಲ್ಲಿ ರೇಣುಕಾ ಎಂಬ ಹುಡುಗಿಯ ಅಜ್ಜಿ ನೀಲಮ್ಮ, ಮೊಮ್ಮಗಳ ಕಾವಲಿಗೆಂದು ಬಂದು, ಎಲೆಯಡಿಕೆ ಚೀಲ ಬಿಚ್ಚಿಕೊಂಡು ಒಂದು ಬಂಡೆಯ ನೆರಳಿಗೆ ಕುಳಿತಿರುತ್ತಿದ್ದಳು. ಇಷ್ಟು ಹೇಳಿ ನಾನು ಚಹಾದ ಲೋಟ ಎತ್ತುತ್ತೇನೆ. ಹೆಂಡತಿ ಲೋಟದ ಕಡೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾಳೆ. ಮೊದಮೊದಲು ಈ ಪ್ರಶ್ನೆಯನ್ನು ಅನುಮಾನದಿಂದ ಕೇಳುತ್ತಿದ್ದಳು. ಈಗೀಗ ಬೇರೆ ದನಿಯಲ್ಲಿ, ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ಕೇಳುತ್ತಾಳೆ. ಸಂಸಾರದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಸಣ್ಣಪುಟ್ಟ ಸುಳ್ಳುಗಳನ್ನು ನಂಬುವಂತೆ ಹೇಳುವುದು ನನಗೆ ಚೆನ್ನಾಗಿ ಬರುತ್ತದೆ. ನಿಜವನ್ನು ನಂಬುವಂತೆ ಹೇಳುವ ಪ್ರಸಂಗ ಇದುವರೆಗೆ ಬಂದಿರಲಿಲ್ಲವಾದ್ದರಿಂದ ಅದರ ಅಭ್ಯಾಸವಿಲ್ಲ. ಓದುಗರಾದ ನಿಮ್ಮ ಮುಂದೆ ಒಮ್ಮೆ ಪ್ರಯತ್ನ ಮಾಡಿ ನೋಡುತ್ತೇನೆ.

ನಾನು ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಸ್ಕೌಟ್ ಮಾಸ್ತರ ಆದದ್ದು ನನ್ನ ಯೋಗ್ಯತೆಯಿಂದಲ್ಲ, ನನ್ನ ಸೊಂಟದ ಸುತ್ತಳತೆಯಿಂದ. ಹಿಂದಿನ ಸ್ಕೌಟ್ ಮಾಸ್ತರರು ವರ್ಗವಾಗಿ ಹೋಗುವಾಗ ತಮ್ಮ ಖಾಕಿ ಚಡ್ಡಿ, ಅಂಗಿ, ಸ್ಕಾರ್ಫು ಎಲ್ಲವನ್ನೂ ಒಗೆದು ಇಸ್ತ್ರಿ ಮಾಡಿಸಿ ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಹೋದರು. ನಮ್ಮ ಹೆಡ್‌ಮಿಸ್ ಮಿತವ್ಯಯದ ಹೆಂಗಸು. ಹೊಸ ಬಟ್ಟೆ ಹೊಲಿಸುವುದಕ್ಕಿಂತ ಇದ್ದ ಬಟ್ಟೆಗೆ ಮನುಷ್ಯನನ್ನು ಹುಡುಕುವುದು ಸಲೀಸೆಂದು ಒಬ್ಬೊಬ್ಬ ಮೇಷ್ಟರನ್ನೂ ಕಣ್ಣಿನಲ್ಲೇ ಅಳೆಯುತ್ತ ಬಂದು ನನ್ನ ಹತ್ತಿರ ನಿಂತರು. ಆ ಚಡ್ಡಿ ತೊಟ್ಟು ಮೊದಲ ದಿನ ನಾನು ಓಣಿಗಿಳಿದಾಗ ತಳ್ಳುಗಾಡಿಯ ಸೊಪ್ಪಿನವನು ಸೆಲ್ಯೂಟ್ ಹೊಡೆದು ಗಾಡಿಯನ್ನು ರಸ್ತೆಯ ಬದಿಗೆ ಎಳೆದುಕೊಂಡ. ನನ್ನ ಹೆಂಡತಿ ಪಕ್ಕದ ಮನೆಯವರನ್ನು ಕರೆದು ತೋರಿಸಿದಳು. ಐವತ್ತು ದಾಟಿದ ಮೊಣಕಾಲುಗಳನ್ನು ಊರಿಗೆ ತೋರಿಸುವುದರಲ್ಲಿ ಒಂದು ತರಹದ ವೈರಾಗ್ಯವಿದೆ ಎಂದು ನಾನು ಸಮಾಧಾನ ಹೇಳಿಕೊಂಡೆ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಸ್ಕೌಟ್ ಮಾಸ್ತರನಿಗೆ ಧೈರ್ಯ ಬೇಕು ಎನ್ನುತ್ತಾರೆ. ನನಗೆ ಅದು ಇಲ್ಲ. ನನ್ನನ್ನು ಸಾಕಿದವಳು ಕಂಪ್ಲಿಯ ದೊಡ್ಡವ್ವ. ನನ್ನ ಬಾಯಲ್ಲಿರುವ ಮಾತೆಲ್ಲ ಅವಳ ಕಟ್ಟೆಯ ಮೇಲೆ ಕುಳಿತು ಹೆಕ್ಕಿಕೊಂಡದ್ದು, ನನ್ನ ಭಯಗಳೂ ಅಲ್ಲಿಯವೇ. ದೊಡ್ಡವ್ವನ ಕಥೆಗಳಲ್ಲಿ ಸತ್ತವರು ಬರುತ್ತಿದ್ದರು. ಆದರೆ ಹೆದರಿಸಲು ಬರುತ್ತಿರಲಿಲ್ಲ. ಬಂದು, ಬಾಗಿಲಲ್ಲಿ ನಿಂತು, ಈ ಸಲ ಭತ್ತ ಹೇಗಾಯಿತು, ಹುಡುಗಿಗೆ ಗಂಡು ಗೊತ್ತಾಯಿತೋ ಎಂದು ಕೇಳಿಕೊಂಡು ಹೋಗುತ್ತಿದ್ದರು. ಅವರನ್ನು ದೆವ್ವ ಎನ್ನಬಾರದು, ಅವರಿಗೆ ಬೇಸರವಾಗುತ್ತದೆ ಎಂದು ದೊಡ್ಡವ್ವ ಗದರುತ್ತಿದ್ದಳು. ಇದರ ಪರಿಣಾಮವಾಗಿ ನಾನು ಕತ್ತಲಿನ ವಿಷಯದಲ್ಲಿ ಬಹಳ ಮರ್ಯಾದಸ್ಥನಾಗಿ ಬೆಳೆದೆ. ಕರೆಂಟು ಹೋದಾಗ ಯಾವುದಕ್ಕಾದರೂ ಡಿಕ್ಕಿ ಹೊಡೆದರೆ ಬಹುವಚನದಲ್ಲೇ ಕ್ಷಮೆ ಕೇಳುತ್ತೇನೆ, ಅದು ನಮ್ಮ ಮನೆಯ ಬೀರುವೇ ಆಗಿದ್ದರೂ.

ಇಂಥ ನನಗೆ ಬೇಸಿಗೆ ಶಿಬಿರಕ್ಕೆ ಮಕ್ಕಳನ್ನು ತಯಾರು ಮಾಡುವ ಕೆಲಸ ಬಂತು. ಶಿಬಿರ ಸಂಡೂರಿನ ಗುಡ್ಡಗಳಲ್ಲಿ. ಮಕ್ಕಳಿಗೆ ಹಿಗ್ಗೋ ಹಿಗ್ಗು. ತಾಯಂದಿರಿಗೆ ಚಿರತೆ, ಕರಡಿ, ಅದಿರಿನ ಲಾರಿ ಮತ್ತು ಹೊರಗಿನ ನೀರಿನ ಚಿಂತೆ. ಗಂಡುಹುಡುಗರನ್ನು ಹೇಗೋ ಒಪ್ಪಿಸಿದೆವು. ಹೆಣ್ಣುಮಕ್ಕಳ ತಾಯಂದಿರು ಮಾತ್ರ ಒಬ್ಬರ ಮೇಲೊಬ್ಬರು ಹಾಕಿ, ಕೊನೆಗೆ ಎಲ್ಲರೂ ಕಮಲಾಪುರದ ರೇಣುಕಾ ಹೋದರೆ ನಮ್ಮವರೂ ಬರುತ್ತಾರೆ ಎಂದು ನಿಂತರು. ರೇಣುಕಾ ಎಂಟನೆಯ ತರಗತಿಯ ಸಣಕಲು ಹುಡುಗಿ. ನಾನು ಹಗ್ಗದ ತುದಿ ಹುಡುಕುವಷ್ಟರಲ್ಲಿ ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕಿ ತೋರಿಸುತ್ತಿದ್ದಳು. ಪರೀಕ್ಷೆ ಮುಗಿದ ದಿನದಿಂದ ಶಿಬಿರದ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದಳಂತೆ. ಆದರೆ ಆ ಮನೆಯಲ್ಲಿ ಅಜ್ಜಿಯ ಮಾತು ಮುಗಿದ ಮೇಲೆ ಇನ್ನಾರೂ ಮಾತಾಡುವ ಪದ್ಧತಿಯಿಲ್ಲ. ನೀಲಮ್ಮಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನೀವು ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ನಾನು ನೋಡಿದ ಮೇಲೆ ಹೇಳುತ್ತೇನೆ ಎಂದಳು. ಇತ್ತ ಹೆಡ್‌ಮಿಸ್, ಹೆಣ್ಣುಮಕ್ಕಳು ಬರದಿದ್ದರೆ ಉಳಿದ ನಾಲ್ಕು ಹುಡುಗರಿಗಾಗಿ ಬಸ್ಸು ಮಾಡಲು ಆಗುವುದಿಲ್ಲ, ಶಿಬಿರವೇ ಬೇಡ ಎಂದರು. ಹೀಗೆ ಸಂಡೂರಿನ ಇಡೀ ಶಿಬಿರ ನೀಲಮ್ಮಜ್ಜಿಯ ಒಂದು ತಲೆಯಾಡಿಸುವಿಕೆಯ ಮೇಲೆ ನಿಂತಿತು. ಹೆಣ್ಣುಮಕ್ಕಳ ಜವಾಬ್ದಾರಿಯ ಶೈಲಜಾ ಟೀಚರ್ ಆಗ ಪೇಪರ್ ತಿದ್ದಲು ಬಳ್ಳಾರಿಗೆ ಹೋಗಿದ್ದರು; ಹೊರಡುವ ದಿನ ನೇರವಾಗಿ ಬಸ್ಸಿಗೇ ಬಂದು ಸೇರುವುದೆಂದು ಆಗಿತ್ತು.

ಅಜ್ಜಿಗೆ ಅನುಕೂಲವಾಗಲೆಂದು ತರಬೇತಿಯನ್ನು ಕಮಲಾಪುರದ ಆಚೆಗೇ ಇಟ್ಟುಕೊಂಡೆ. ಬಾಳೆತೋಟಗಳನ್ನು ದಾಟಿದರೆ ಅಲ್ಲೊಂದು ಬಂಡೆಗುಡ್ಡ. ಪ್ರವಾಸಿಗಳು ಅತ್ತ ಬರುವುದಿಲ್ಲ, ಫಲಕವಿಲ್ಲ, ಹೆಸರೂ ಇದ್ದಂತಿಲ್ಲ. ಯಾರೋ ದೊಡ್ಡವರು ಆಟವಾಡುತ್ತ ಊಟಕ್ಕೆ ಕರೆದಾಗ ಬಿಟ್ಟೆದ್ದು ಹೋದ ಹಾಗೆ ಬಂಡೆಯ ಮೇಲೆ ಬಂಡೆ. ನಡುವೆ ನಿಂತು ಕೆಮ್ಮಿದರೆ ಆ ಕೊನೆಯಲ್ಲಿ ಇನ್ನೊಬ್ಬರು ಕೆಮ್ಮಿದಂತೆ ಕೇಳುತ್ತದೆ. ಬೆಳಿಗ್ಗೆ ಬಿಸಿಲೇರುವ ತನಕ, ಮತ್ತೆ ಸಂಜೆ ಬಂಡೆಗಳು ಆರುವ ಹೊತ್ತಿಗೆ ನಮ್ಮ ಅಭ್ಯಾಸ. ಡೇರೆ ಹೊಡೆಯುವುದು ಕಲಿಸಿದೆ. ಅದು ನನ್ನ ಮೇಲೇ ಬಿತ್ತು. ಅನ್ನ ಮಾಡುವುದು ಕಲಿಸಿದೆ. ಆ ಅನ್ನವನ್ನು ಮಕ್ಕಳು ಮೂರು ಕಲ್ಲಿನ ಒಲೆಗೆ ನಾಲ್ಕನೆಯ ಕಲ್ಲಾಗಿ ಬಳಸಿದರು. ಅಜ್ಜಿ ಇದನ್ನೆಲ್ಲ ಎಲೆಗೆ ಸುಣ್ಣ ಸವರುತ್ತ ನೋಡುತ್ತಿದ್ದಳು. ಮುಖದಿಂದ ಏನೂ ತಿಳಿಯುತ್ತಿರಲಿಲ್ಲ.

ಆಮೇಲೆ ಬಂತು ಜಾಡು ಹಿಡಿಯುವ ಪಾಠ. ಮುಂದೆ ಹೋದ ತಂಡ ಹಿಂದೆ ಬರುವ ತಂಡಕ್ಕೆ ದಾರಿಯಲ್ಲಿ ಗುರುತು ಬಿಡಬೇಕು. ದೊಡ್ಡ ಕಲ್ಲಿನ ಮೇಲೆ ಚಿಕ್ಕ ಕಲ್ಲಿಟ್ಟರೆ ಇದೇ ದಾರಿ ಎಂದರ್ಥ. ಪಕ್ಕಕ್ಕೊಂದು ಕಲ್ಲಿದ್ದರೆ ಆ ಕಡೆ ತಿರುಗು. ಮೂರು ಕಲ್ಲು ಒಂದರ ಮೇಲೊಂದಿದ್ದರೆ ಅಪಾಯ. ಎಲ್ಲರೂ ಹಾದುಹೋದ ಮೇಲೆ ಕೊನೆಯ ತಂಡ ಆ ಗುರುತುಗಳನ್ನೆಲ್ಲ ಕೆಡವಿಬಿಡಬೇಕು, ಬೇರೆಯವರು ದಾರಿ ತಪ್ಪಬಾರದೆಂದು. ಸ್ಕೌಟು ಹೋದ ಕಡೆ ತನ್ನ ಗುರುತು ಉಳಿಸಬಾರದು ಎಂಬುದರ ಬಗ್ಗೆ ನಾನು ಅರ್ಧ ಗಂಟೆ ಭಾಷಣ ಮಾಡಿದೆ. ಭಾಷಣ ನನಗೇ ಹಿಡಿಸಿ, ಕೊನೆಯಲ್ಲಿ ಕೈಯೆತ್ತಿ, ಈ ಗುಡ್ಡದಲ್ಲಿ ಕಲ್ಲಿನ ಮೇಲೆ ಕಲ್ಲು ಒಂದೂ ಉಳಿಯಬಾರದು ಎಂದೆ. ಮಕ್ಕಳು ಒಕ್ಕೊರಲಿನಿಂದ ಎಸ್ ಸರ್ ಎಂದರು. ನಾನು ಗುಡ್ಡದ ಬುಡದ ಬೇವಿನ ಮರದ ಕೆಳಗೆ ಮುಖದ ಮೇಲೆ ಪೇಪರು ಹೊದ್ದುಕೊಂಡು, ಮಕ್ಕಳ ಸ್ವಾವಲಂಬನೆಗೆ ಅಡ್ಡಿಯಾಗದಂತೆ ಮಲಗಿದೆ. ಮೇಲಿನಿಂದ ಟಕ್ ಟಕ್ ಎಂದು ಕಲ್ಲು ಉರುಳುವ ಸದ್ದು ಜೋಗುಳದ ಹಾಗೆ ಬರುತ್ತಿತ್ತು. ಇಷ್ಟೊಂದು ಗುರುತು ಯಾರು ಇಟ್ಟರಪ್ಪ ಎಂದು ನಿದ್ದೆಯಲ್ಲೇ ಒಮ್ಮೆ ಅನ್ನಿಸಿತು, ಅಷ್ಟೆ.

ಎಬ್ಬಿಸಿದವಳು ನೀಲಮ್ಮಜ್ಜಿ. ಅವಳು ಆ ದಿನ ತಡವಾಗಿ ಬಂದು, ಮೇಲೆ ಹೋಗಿ, ಇಳಿದು ಬಂದಿದ್ದಳು. ಕೂಗಾಡಲಿಲ್ಲ. ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಮಲಗಿದ ಮಗುವನ್ನು ಎಬ್ಬಿಸುವಂಥ ದನಿಯಲ್ಲಿ ಕೇಳಿದಳು:

"ಮೇಷ್ಟ್ರೇ, ಅಷ್ಟು ಮಂದಿ ಮನಿ ಯಾಕ ಕೆಡವಿಸಿದ್ರಿ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಪಿಯ ಸುತ್ತಲಿನ ಗುಡ್ಡಗಳಲ್ಲಿ ಸ್ವಂತ ಮನೆಯಿಲ್ಲದವರು ಬಂದು, ಚಪ್ಪಟೆ ಬಂಡೆಯೊಂದನ್ನು ಹುಡುಕಿ, ಕಲ್ಲಿನ ಮೇಲೆ ಕಲ್ಲಿಟ್ಟು, ನಮಗೂ ಒಂದು ಮನೆ ಆಗಲಿ ಎಂದು ಕೈಮುಗಿದು ಹೋಗುತ್ತಾರೆ. ಬಡವರು ಮೂರು ಕಲ್ಲಿಗೆ ಮುಗಿಸುತ್ತಾರೆ. ಆಸೆಯಿದ್ದವರು ಮಹಡಿ ಎಬ್ಬಿಸುತ್ತಾರೆ. ಗಣಿಗೆ ಲಾರಿ ಬಿಟ್ಟ ಯಾರೋ ಒಬ್ಬರು ಒಮ್ಮೆ ಕಾಂಪೌಂಡು ಹಾಕಿ, ಒಳಗೆ ಲಾರಿಗೆಂದು ಒಂದು ಉದ್ದನೆಯ ಕಲ್ಲನ್ನೂ ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ. ಆ ಹೆಸರಿಲ್ಲದ ಗುಡ್ಡದ ಹಿಂದಿನ ಇಳಿಜಾರಿನಲ್ಲಿ ಅಂಥ ಒಂದು ಊರೇ ಇತ್ತಂತೆ. ನಾನು ಅತ್ತ ಹಾಯ್ದಿರಲಿಲ್ಲ. ಈಗ ಮೇಲೆ ಹೋಗಿ ನೋಡಿದರೆ ಒಂದು ಮನೆ ನಿಂತಿಲ್ಲ. ಮಕ್ಕಳು ಬೆವರು ಒರೆಸಿಕೊಳ್ಳುತ್ತ, ಶಹಬ್ಬಾಸ್‌ಗಿರಿಗೆ ಕಾಯುತ್ತ ಸಾಲಾಗಿ ನಿಂತಿದ್ದರು.

ತಂಡದ ಮುಖಂಡ ಮಂಜುನಾಥನನ್ನು ಪಕ್ಕಕ್ಕೆ ಕರೆದು, ಇವು ಏನೆಂದು ನಿಮಗೆ ಗೊತ್ತಿರಲಿಲ್ಲವೇನೋ ಎಂದು ಕೇಳಿದೆ.

"ಗೊತ್ತಿತ್ರಿ ಸರ್. ನಮ್ಮವ್ವ ಇಟ್ಟಿದ್ದೂ ಒಂದಿತ್ತು," ಎಂದ. "ನೀವು ಒಂದೂ ಉಳೀಬಾರದು ಅಂದ್ರಿ. ನಾವು ಇದೂ ಪರೀಕ್ಷಾ ಇರಬೌದು ಅಂದ್ಕಂಡ್ವಿ."

ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಮಾತನ್ನು ಮಕ್ಕಳು ಅಕ್ಷರಶಃ ಪಾಲಿಸಿದ್ದು ಅದೇ ಮೊದಲು. ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಉರುಳಿದ ಕಲ್ಲುಗಳು ಇಳಿಜಾರಿನ ತುಂಬ ಬಿದ್ದಿದ್ದವು. ಗಾಳಿಯಿರಲಿಲ್ಲ, ಒಂದು ಗೊರವಂಕ ಕೂಗುತ್ತಿರಲಿಲ್ಲ. ಬಹಳ ಜನ ಒಮ್ಮೆಗೇ ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿದರೆ ಹೇಗಿರುತ್ತದೋ ಹಾಗಿತ್ತು. ನೀಲಮ್ಮಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತು, ಊರು ಕೆಡವಿ ಡೇರೆ ಹೊಡೆಯಲು ಹೊರಟಿದ್ದೀರಲ್ಲ ಎಂದು ನನಗೆ ಹೇಳಿದಳು. ರೇಣುಕಾಳ ಕಡೆ ತಿರುಗಿ ತೀರ್ಪು ಕೊಟ್ಟಳು.

"ಇವು ಇದ್ದ ಜಾಗದಾಗ ಇದ್ದಂಗ ನಿಲ್ಲಬೇಕು. ಅಲ್ಲೀತನಕ ಸಂಡೂರು ಗಿಂಡೂರು ಏನೂ ಇಲ್ಲ."

ರೇಣುಕಾ ಅಳಲಿಲ್ಲ. ಬಗ್ಗಿ ಕಾಲ ಬಳಿಯ ಒಂದು ಕಲ್ಲನ್ನು ಎತ್ತಿಕೊಂಡು, ಇದನ್ನು ಎಲ್ಲಿ ಇಡಲಿ ಎಂದು ನನ್ನ ಮುಖ ನೋಡಿದಳು. ನನಗೆ ಗೊತ್ತಿರಲಿಲ್ಲ. ಯಾರ ಗೋಡೆ ಯಾರ ಮಾಳಿಗೆಗೆ ಸೇರಿದ್ದು, ಯಾವ ಬಂಡೆಯ ಮೇಲೆ ಯಾವ ಸಂಸಾರವಿತ್ತು, ಯಾರಿಗೆ ಗೊತ್ತು? ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಪರಿಹಾರವಿಲ್ಲ.

ಮರುದಿನದಿಂದ ಗಂಟು, ಡೇರೆ, ಅಡುಗೆ ಎಲ್ಲ ಬಿಟ್ಟು ಮನೆ ಕಟ್ಟುವ ಕೆಲಸಕ್ಕೆ ನಿಂತೆವು. ಮೊದಲ ಬೆಳಗು ಬರೀ ಜಗಳ. ಇದು ಅಲ್ಲಿತ್ತು, ಇಲ್ಲ ಇಲ್ಲಿತ್ತು ಎಂದು ಮಕ್ಕಳು ಕಾದಾಡಿದರು. ಹೊರಡುವ ದಿನ ಹತ್ತಿರವಾಗುತ್ತಿತ್ತು, ಒಂದು ಓಣಿಯೂ ಎದ್ದಿರಲಿಲ್ಲ. ಸಂಜೆ ನಾನು ನೀರಿನ ಕೊಡ ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದಾಗ ಜಗಳ ನಿಂತಿತ್ತು. ಮಕ್ಕಳು ಸದ್ದಿಲ್ಲದೆ, ಮನೆಪಾಠ ಬರೆಯುವವರ ಹಾಗೆ ಬಗ್ಗಿಕೊಂಡು ಕಲ್ಲು ಜೋಡಿಸುತ್ತಿದ್ದರು. ಆ ಕಡೆಯ ಎತ್ತರದ ಬಂಡೆಯ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಮಾಸಿದ ಹಸಿರು ಸೀರೆ, ತಲೆಯ ಮೇಲೆ ಸೆರಗು. ಮುಖ ಅರ್ಧ ಆಚೆಗಿತ್ತು. ಅದು ಅಲ್ಲವ್ವ, ಅದರ ಕೆಳಗಿಂದು. ಆ ಕೆಂಪು ಕಲ್ಲು ಮೂಲೆಗೆ ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದಳು. ನೀಲಮ್ಮಜ್ಜಿಯ ಕಡೆಯ ಯಾರೋ ಎಂದುಕೊಂಡು ನಾನು ದೂರದಿಂದಲೇ ನಮಸ್ಕಾರ ಮಾಡಿದೆ. ಆಕೆ ಸೆರಗು ಸರಿಮಾಡಿಕೊಂಡಳು. ನನಗೆ ಹೋದ ಜೀವ ಬಂದಂತಾಯಿತು. ಗೊತ್ತಿದ್ದವರು ಒಬ್ಬರು ಸಿಕ್ಕರೆ ಯಾರು, ಎಲ್ಲಿಯವರು ಎಂದು ವಿಚಾರಿಸುವ ಗೋಜಿಗೆ ಯಾವ ಮೇಷ್ಟರೂ ಹೋಗುವುದಿಲ್ಲ. ಜವಾಬ್ದಾರಿ ಅವರ ಕಡೆ ಜರುಗಿಸಿ ನೆರಳು ಹುಡುಕುತ್ತಾನೆ.

ಆಮೇಲೆ ಕೆಲಸ ಹೂವಿನಷ್ಟು ಹಗುರಾಯಿತು. ಆಕೆ ದಿನಾ ಅಲ್ಲಿರುತ್ತಿದ್ದಳು. ನಾವು ಬರುವ ಮೊದಲೇ ಇರುತ್ತಿದ್ದಳು, ನಾವು ಇಳಿಯುವಾಗಲೂ ಇರುತ್ತಿದ್ದಳು. ನೆರಳಿಗೆ ಬನ್ನಿರೆಂದರೆ ಇಲ್ಲೇ ಆರಾಮ ಎನ್ನುತ್ತಿದ್ದಳು. ನೀರು ಕೊಟ್ಟರೆ ಮಕ್ಕಳು ಕುಡಿಯಲಿ ಎನ್ನುತ್ತಿದ್ದಳು. ಆಡು ಮೇಯಿಸಲು ಬಂದವಳಿರಬೇಕು, ಆಡುಗಳು ಆ ಕಡೆ ಇರಬೇಕು ಎಂದು ನನ್ನ ಲೆಕ್ಕಾಚಾರ. ಸಂಜೆ ಅರ್ಧಕ್ಕೆ ಬಿಟ್ಟು ಹೋದ ಮನೆಗಳು ಬೆಳಿಗ್ಗೆ ಬರುವಷ್ಟರಲ್ಲಿ ಪೂರ್ತಿಯಾಗಿರುತ್ತಿದ್ದವು. ಅಜ್ಜಿ ಬೇಗ ಎದ್ದು ಬಂದು ಮಾಡಿದ್ದಾಳೆ ಎಂದು ನಾನು ಒಳಗೊಳಗೇ ನಾಚಿದೆ. ಒಂದು ಬೆಳಿಗ್ಗೆ ಎಮ್ಮಿಗನೂರಿನ ಕಡೆಯ ಒಬ್ಬ ರೈತ, ಹೊಸ ಮನೆಯ ಗೃಹಪ್ರವೇಶ ಮುಗಿಸಿ, ಹೆಂಡತಿ ಮಕ್ಕಳೊಡನೆ ತನ್ನ ಕಲ್ಲುಮನೆಗೆ ಕಾಯಿ ಒಡೆಯಲು ಬಂದ. ನಾನು ನೀರಿನ ಕೊಡ ಎತ್ತಿಕೊಂಡು ಬಂಡೆಯ ಮರೆಗೆ ಸರಿದೆ. ಆತ ಇಳಿಜಾರಿನಲ್ಲಿ ಹುಡುಕುತ್ತ ಹೋಗಿ, ಒಂದರ ಮುಂದೆ ಕುಳಿತು, ಮೇಲಿನ ಬಿಳಿಯ ಕಲ್ಲನ್ನು ಮುಟ್ಟಿ, ನಾನು ಇಟ್ಟದ್ದು ಇಟ್ಟ ಹಾಗೇ ಇದೆ ನೋಡೇ ಎಂದು ಹೆಂಡತಿಗೆ ತೋರಿಸಿದ. ಅದನ್ನು ಹಿಂದಿನ ಸಂಜೆ ರೇಣುಕಾ ಇಟ್ಟಿದ್ದಳು. ಅವರು ಕೊಟ್ಟ ಕೊಬ್ಬರಿ ಚೂರನ್ನು ನಾನು ಬಹಳ ಹೊತ್ತು ಅಗಿದೆ.

ಕೊನೆಯ ಸಂಜೆ ನೀಲಮ್ಮಜ್ಜಿ ಇಡೀ ಇಳಿಜಾರನ್ನು ನಡೆದು ನೋಡಿದಳು. ಬಾಗಿ ಬಾಗಿ ನೋಡಿದಳು. ರೇಣುಕಾ ಅವಳ ಹಿಂದೆಯೇ, ಉಸಿರು ಬಿಟ್ಟರೆ ಎಲ್ಲಿ ಗೋಡೆ ಬಿದ್ದೀತೋ ಎಂಬಂತೆ ನಡೆಯುತ್ತಿದ್ದಳು. ಅಜ್ಜಿ ನನ್ನ ಹತ್ತಿರ ಬಂದು ಹೊಸದೊಂದು ಎಲೆ ಮಡಿಸಿದಳು. ನಿಮ್ಮನ್ನು ನೋಡಿ ಕಳಿಸುತ್ತಿಲ್ಲ, ನೀವು ಭಾಳ ಮಲಗುತ್ತೀರಿ ಎಂದಳು. "ಆಕಿ ಇರ್ತಾಳಲ್ಲ ಜೋಡಿ, ಆಕಿ ಮ್ಯಾಲ ನಂಬಿಕಿ ಇಟ್ಟು ಕಳಸ್ತೀನಿ." ಶೈಲಜಾ ಟೀಚರ್ ವಿಷಯ ಅಜ್ಜಿಗೆ ಯಾರೋ ಹೇಳಿದ್ದಾರೆ, ಒಳ್ಳೆಯದಾಯಿತು ಎಂದು ನಾನು ಜೋರಾಗಿ ತಲೆಯಾಡಿಸಿದೆ. ರೇಣುಕಾ ಇಳಿಜಾರಿನ ಬುಡದವರೆಗೆ ಒಂದೇ ಓಟದಲ್ಲಿ ಓಡಿದಳು.

ಮಕ್ಕಳೂ ಅಜ್ಜಿಯೂ ಇಳಿದ ಮೇಲೆ, ಉಪಕಾರ ಮಾಡಿದವರಿಗೆ ಒಂದು ಮಾತು ಹೇಳದೆ ಹೋಗುವುದು ಹೇಗೆಂದು ನಾನೊಬ್ಬನೇ ಆ ಹೆಂಗಸಿನ ಬಂಡೆಯ ಕೆಳಗೆ ಹೋಗಿ ನಿಂತೆ. ಸೂರ್ಯ ಮುಳುಗಿ ಬಂಡೆಗಳು ಬೂದಿಬಣ್ಣಕ್ಕೆ ತಿರುಗಿದ್ದವು. ನಿಮ್ಮಿಂದ ಮಕ್ಕಳ ಶಿಬಿರ ಉಳಿಯಿತು ಎಂದೆ. ಮಾತು ಬೆಳೆಸಬೇಕಲ್ಲ ಎಂದು, ನಿಮ್ಮದೂ ಇಲ್ಲೊಂದು ಇತ್ತೇನವ್ವ ಎಂದು ಕೇಳಿದೆ. ಇತ್ತು ಎಂದಳು. ಅದನ್ನು ಯಾಕೆ ಹೇಳಲಿಲ್ಲ, ಮಕ್ಕಳು ಮೊದಲು ಅದನ್ನೇ ಕಟ್ಟುತ್ತಿದ್ದರಲ್ಲ ಎಂದೆ.

"ಮಂದೀದು ಮೊದಲು ಆಗಲಿ ಅಂತ ಸುಮ್ನಿದ್ದೆ. ನಂದು ನೀವ ಕಟ್ಟಿಕೊಡ್ರಿ, ಸಂಡೂರಿಂದ ಬಂದ ಮ್ಯಾಲ."

ಅದಕ್ಕೇನಂತೆ, ಕಟ್ಟಿಕೊಡುತ್ತೇನೆ ಎಂದೆ. ಮದುವೆಗೆ ಬರುತ್ತೇನೆ, ಮುಂದಿನ ವಾರ ಪುಸ್ತಕ ಹಿಂದಿರುಗಿಸುತ್ತೇನೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದೆ. ಆಕೆ ಮರೀಬ್ಯಾಡ್ರಿ ಎಂದಳು. ನಾನು ಇಳಿದು ಬಂದೆ.

ಶಿಬಿರ ಮಸ್ತಾಗಿ ನಡೆಯಿತು. ಶೈಲಜಾ ಟೀಚರ್ ಹೊಸಪೇಟೆಯಲ್ಲೇ ಬಸ್ಸು ಹತ್ತಿ, ಎಲ್ಲ ಹೆಣ್ಣುಮಕ್ಕಳ ಜಡೆ ಬಿಗಿಮಾಡಿ ಹೆಣೆದು, ಅದರ ಬಿಗಿಯಲ್ಲೇ ಅವರನ್ನು ಅಂಕೆಯಲ್ಲಿಟ್ಟರು. ತಾಯಂದಿರು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಮೊದಲ ದಿನವೇ ಮುಗಿದವು. ನಮ್ಮ ಡೇರೆ ಗಾಳಿಗೂ ಜಗ್ಗಲಿಲ್ಲ. ನಾನು ಮಾತ್ರ ಎರಡನೆಯ ದಿನ ಹೊಳೆಯ ಕಲ್ಲಿನ ಮೇಲೆ ಹೇಗೆ ಕಾಲಿಡಬೇಕೆಂದು ತೋರಿಸಲು ಹೋಗಿ, ಹೇಗೆ ಇಡಬಾರದೆಂದು ತೋರಿಸಿ ಬಿದ್ದೆ. ಹುಡುಗರು ಕಂಬಳಿಗೆ ಎರಡು ಕೋಲು ಪೋಣಿಸಿ ಸ್ಟ್ರೆಚರ್ ಮಾಡಿ ಹೊತ್ತರು. ಪ್ರಥಮ ಚಿಕಿತ್ಸೆಯಲ್ಲಿ ಎಲ್ಲರಿಗೂ ಪೂರ್ತಿ ಅಂಕ ಬಂತು. ಸಂಡೂರಿನ ಡಾಕ್ಟರು ಮೂಳೆಯಲ್ಲಿ ಬಿರುಕಿದೆ ಎಂದು ಬಲಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದರು. ಮನೆಗೆ ಹೋಗಿರೆಂದರೂ ನಾನು ಹೋಗಲಿಲ್ಲ. ಡೇರೆಯ ಬಾಗಿಲಲ್ಲಿ ಕಾಲು ಚಾಚಿಕೊಂಡು ಕುಳಿತು ಅಪ್ಪಣೆ ಕೊಡುವುದು ಸ್ಕೌಟಿಂಗಿನಲ್ಲಿ ನನಗೆ ಅತ್ಯಂತ ಒಗ್ಗಿದ ಭಂಗಿ ಎಂದು ಅಲ್ಲೇ ಗೊತ್ತಾಯಿತು.

ಅದೇ ಭಂಗಿಯಲ್ಲಿದ್ದಾಗ ಒಂದು ಸಂಜೆ ರೇಣುಕಾ ನನಗೆ ಚಹಾ ತಂದಳು. ಗುಡ್ಡಗಳ ನಡುವೆ ಬೆಳಕು ಇಳಿಯುತ್ತಿತ್ತು. ಹುಡುಗಿ ಲೋಟ ಕೊಟ್ಟು ಹೋಗದೆ ನಿಂತಳು.

"ಸರ್, ಆ ಅವ್ವ ಯಾಕ ಬರಲಿಲ್ರಿ?"

ಯಾವ ಅವ್ವ ಎಂದೆ.

"ಗುಡ್ಡದ ಮ್ಯಾಲ ನಮಗ ಕಲ್ಲು ತೋರಸ್ತಿದ್ಲಲ್ರಿ. ಆಕಿನ ಶೈಲಜಾ ಟೀಚರ್ ಅಂತ ನಮ್ಮಜ್ಜಿ ಅಂದ್ಕಂಡಾಳ. ಆಕಿ ಬರ್ತಾಳಂತನ ನನ್ನ ಕಳಿಸ್ಯಾಳ."

ಆಕೆ ನಿಮ್ಮಜ್ಜಿಯ ಕಡೆಯವಳಲ್ಲವೇನು ಎಂದು ಕೇಳಿದೆ.

"ಅಲ್ರಿ. ನಾವು ಹುಡುಗ್ರು ನಿಮ್ಮನಿಯವರು ಅಂದ್ಕಂಡಿದ್ವಿ. ನೀವು ನಮಸ್ಕಾರ ಮಾಡಿದ್ರಿ, ಹೆಂಡ್ತಿಗೆ ಯಾಕ ಮಾಡ್ತಾರ ಅಂತ ಮಂಜು ಕೇಳಿದ್ದ."

ಅವಳು ಹೋದ ಮೇಲೆ ಲೋಟ ಕೈಯಲ್ಲೇ ಇತ್ತು. ಆಗ ನನಗೆ ಹೊಳೆದ ಸಂಗತಿ ಇನ್ನೊಂದು. ಆ ಬಂಡೆಗಳ ನಡುವೆ ನಮ್ಮ ಕೆಮ್ಮಿಗೂ ಮಾರ್ದನಿ ಬರುತ್ತಿತ್ತು. ಮಕ್ಕಳು ಒಬ್ಬರನ್ನೊಬ್ಬರು ಕೂಗಿದರೆ ಎರಡೆರಡು ಸಲ ಕೇಳುತ್ತಿತ್ತು. ಆ ಹೆಂಗಸಿನ ಮಾತು ಒಂದೇ ಸಲ ಕೇಳುತ್ತಿತ್ತು. ದಿನವೂ ಕೇಳಿದ್ದೆ, ಗಮನಿಸಿರಲಿಲ್ಲ. ಡೇರೆಯ ಹೊರಗೆ ಯಾರೋ ನಿಂತ ಹಾಗಾಯಿತು. ಯಾರ್ರೀ ಎಂದೆ. ದೊಡ್ಡವ್ವ ಕಲಿಸಿದ ಬಹುವಚನ ತಾನಾಗಿಯೇ ಬಂತು. ಯಾರೂ ಇರಲಿಲ್ಲ, ಒಣಗಲು ಹಾಕಿದ ನನ್ನದೇ ಖಾಕಿ ಅಂಗಿ. ಆ ರಾತ್ರಿ ಗಂಡುಹುಡುಗರು ಹೆದರಿಕೊಂಡಾರು ಎಂಬ ನೆಪ ಹೇಳಿ ಅವರ ಡೇರೆಯ ನಡುಮಧ್ಯೆ ಹಾಸಿಗೆ ಹಾಸಿಕೊಂಡೆ. ಅವರು ಒಬ್ಬರೂ ಹೆದರಲಿಲ್ಲ.

ಮನೆಗೆ ಬಂದು ಕುರ್ಚಿಯಲ್ಲಿ ಕುಳಿತು, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡ ಮೂರನೆಯ ದಿನ ನೀಲಮ್ಮಜ್ಜಿ ಒಂದು ಗೊನೆ ಬಾಳೆಹಣ್ಣು ಹೊರಿಸಿಕೊಂಡು ನೋಡಲು ಬಂದಳು. ಮೊಮ್ಮಗಳು ಗುಂಡುಕಲ್ಲಿನ ಹಾಗೆ ತಿರುಗಿ ಬಂದದ್ದಕ್ಕೆ ಅವಳಿಗೆ ಬಹಳ ಸಂತೋಷವಾಗಿತ್ತು. ನನ್ನ ಹೆಂಡತಿಯ ಪಕ್ಕದಲ್ಲಿ ಕುಳಿತು ಶಿಬಿರದ ಹಿಂದಿನ ಕಥೆಯನ್ನೆಲ್ಲ ಹೇಳಿದಳು. ನಾನು ಕಣ್ಣಲ್ಲಿ, ಕೆಮ್ಮಿನಲ್ಲಿ, ಬಾಳೆಹಣ್ಣು ಸುಲಿಯುವುದರಲ್ಲಿ ಎಷ್ಟು ಸನ್ನೆ ಮಾಡಿದರೂ ಅಜ್ಜಿ ನಿಲ್ಲಿಸಲಿಲ್ಲ. ಹಸಿರು ಸೀರೆಯ ಆ ಟೀಚರು ಎಷ್ಟು ಒಳ್ಳೆಯವಳು, ದಿನಾ ಸಂಜೆ ಮೇಷ್ಟ್ರ ಜೊತೆ ಗುಡ್ಡದ ಮೇಲೆ ಇರುತ್ತಿದ್ದಳು, ಕೊನೆಯ ದಿನ ನಾವೆಲ್ಲ ಇಳಿದ ಮೇಲೂ ಇಬ್ಬರೂ ಮಾತಾಡುತ್ತ ನಿಂತಿದ್ದರು ಎಂದು ತುಂಬು ಮನಸ್ಸಿನಿಂದ ಹೊಗಳಿದಳು. ಗಿರಿಜೆ ಅಜ್ಜಿಗೆ ಕುಂಕುಮ ಕೊಟ್ಟು, ಬಾಗಿಲವರೆಗೆ ಕಳಿಸಿ, ಒಳಗೆ ಬಂದು ಕೈ ಕಟ್ಟಿ ನಿಂತಳು.

"ಶೈಲಜಾ ಟೀಚರ್ ಬಳ್ಳಾರ್ಯಾಗ ಪೇಪರ್ ತಿದ್ದಾಕ ಹತ್ತಿದ್ರಲ್ರೀ."

ಹೌದು ಎಂದೆ. ಮತ್ತೆ ಆ ಹೆಂಗಸು ಯಾರು ಎಂದಳು. ಗೊತ್ತಿಲ್ಲ ಎಂದೆ. ಏನು ಮಾತಾಡಿದಿರಿ ಎಂದಳು. ಮನೆ ಕಟ್ಟಿಕೊಡುತ್ತೇನೆ ಎಂದು ಮಾತು ಕೊಟ್ಟೆ ಎಂದೆ. ಇದಕ್ಕಿಂತ ಪ್ರಾಮಾಣಿಕವಾದ, ಇದಕ್ಕಿಂತ ಕೆಟ್ಟದಾಗಿ ಕೇಳಿಸುವ ಉತ್ತರವನ್ನು ಯಾವ ಗಂಡನೂ ಕೊಟ್ಟಿರಲಾರ. ನಾವೇ ಇಪ್ಪತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಆ ವಾರ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ.

ಕಟ್ಟಿಕೊಡುವುದಂತೂ ಎಲ್ಲಿಂದ? ಕಾಲಿಗೆ ಪ್ಲಾಸ್ಟರು. ಆಕೆಯ ಕಲ್ಲುಗಳು ಯಾವುವೋ, ಜಾಗ ಎಲ್ಲಿಯದೋ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳೋಣವೆಂದರೆ ಆ ಬಂಡೆಯ ಕೆಳಗೆ ಹೋಗಿ ನಿಂತು ಕೇಳುವಷ್ಟು ಗಂಡಸುತನ ನನ್ನಲ್ಲಿರಲಿಲ್ಲ. ಪ್ಲಾಸ್ಟರು ಇರುವಷ್ಟು ದಿನ ಮಾತು ತಪ್ಪಿದಂತಾಗುವುದಿಲ್ಲ ಎಂದು ನಾನು ಒಳಗೊಳಗೇ ಆ ಕಾಲಿಗೆ ಕೃತಜ್ಞನಾಗಿದ್ದೆ. ಡಾಕ್ಟರು ಇನ್ನೂ ಸ್ವಲ್ಪ ದಿನ ಇರಲಿ ಎಂದಾಗ ನನ್ನ ಮುಖ ಅರಳಿದ್ದನ್ನು ಅವರು ತಪ್ಪು ತಿಳಿದುಕೊಂಡರು, ನಿಮ್ಮ ತಾಳ್ಮೆ ದೊಡ್ಡದು ಎಂದರು.

ಹೀಗಿರುವಾಗ ನೀಲಮ್ಮಜ್ಜಿಯ ಫೋನು ಬಂತು. ಎತ್ತಿದವಳು ಗಿರಿಜೆ. ಮೇಷ್ಟರಿಗೆ ಬುದ್ಧಿ ಹೇಳಿರಿ, ದಿನಾ ಸಂಜೆ ಒಬ್ಬರೇ ಗುಡ್ಡ ಹತ್ತುತ್ತಾರೆ, ಆ ಬಂಡೆಯ ಬುಡದಲ್ಲಿ ಕುಳಿತು ಕಲ್ಲು ಒಟ್ಟುತ್ತಾರೆ, ಕೂಗಿದರೂ ತಿರುಗಿ ನೋಡುವುದಿಲ್ಲ, ಇಳಿಯುವಾಗ ಮನೆಗೆ ಬಂದು ಚಹಾ ಕುಡಿದು ಹೋಗಬಾರದೇ ಎಂದು ಅಜ್ಜಿಯ ದೂರು. ಖಾಕಿ ಚಡ್ಡಿ ಹಾಕಿಕೊಂಡೇ ಬರುತ್ತಾರೆ ಎಂದಳಂತೆ. ಗಿರಿಜೆ ಫೋನು ಹಿಡಿದುಕೊಂಡೇ ಸ್ಟೂಲಿನ ಮೇಲಿನ ನನ್ನ ಕಾಲನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆ ತೆಗೆದ ಸದ್ದಾಯಿತು. ಚಡ್ಡಿ ಅಲ್ಲೇ ಇತ್ತು, ಮಡಿಕೆ ಕೆಡದೆ. ಗೋಡೆಗಳು ಎದ್ದಿವೆ, ನಾಳೆ ಬಾಗಿಲು ಇಡುತ್ತಾರೆ ಅನ್ನಿಸುತ್ತದೆ ಎಂದು ಅಜ್ಜಿ ಅಂದಿದ್ದಳು.

ಮರುದಿನ ಗಿರಿಜೆ ಮಧ್ಯಾಹ್ನವೇ ಮುಂಬಾಗಿಲಿಗೆ ಚಿಲಕ ಹಾಕಿದಳು. ಕುರ್ಚಿಯನ್ನು ಅದಕ್ಕೆ ಆನಿಸಿಕೊಂಡು, ನನ್ನ ಎದುರಿಗೇ ಕುಳಿತು, ದೀಪ ಹಚ್ಚುವ ಹೊತ್ತಿನ ತನಕ ಮೆಂತ್ಯದ ಸೊಪ್ಪು ಬಿಡಿಸಿದಳು. ನಾನು ಸ್ನಾನದ ಮನೆಗೂ ಹೋಗಲಿಲ್ಲ.

ಅದರ ಮಾರನೆಯ ಬೆಳಿಗ್ಗೆ ಅಜ್ಜಿ ಮತ್ತೆ ಫೋನು ಮಾಡಿದಳು. ನಿನ್ನೆ ಸಂಜೆ ಮನೆ ಮುಗಿಯಿತಂತೆ. ನಾನು ಬಾಗಿಲ ಕಲ್ಲಿಟ್ಟು, ಬಂಡೆಯ ಕಡೆ ತಿರುಗಿ ಕೈಮುಗಿದು, ಇಳಿದು ಹೋದೆನಂತೆ. ಒಂಚೂರೂ ಕುಂಟಲಿಲ್ಲವಂತೆ.